ರಿಬ್ಬನ್ನಣ್ಣ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡು ಯಾವುದೇ ಇರಲಿ, ಒಳಗೆ ಮೂವರು ಇದ್ದೇ ಇರುತ್ತಾರೆ. ಒಬ್ಬರು ಸಾವ್ಕಾರ್ರು, ಕರೆಂಟು ಹೋದಾಗ ಸರಿಯಾಗಿ ಬಂದು ‘ಯಾಕೆ ಎಲ್ಲಾ ಸುಮ್ಮನೆ ಕೂತೀರಿ’ ಅನ್ನುವವರು. ಇನ್ನೊಬ್ಬ ಫೋರ್‌ಮನ್, ಕರೆಂಟು ಬಂದು ಅರ್ಧ ತಾಸಾದರೂ ಟೀ ಮುಗಿಸದವನು. ಮೂರನೆಯವನು ರಿಬ್ಬನ್ನಣ್ಣ. ಮೊದಲಿನ ಇಬ್ಬರು ರಜಾ ಹಾಕಿದರೆ ಕೆಲಸ ಇನ್ನೂ ಚೆನ್ನಾಗಿ ನಡೆಯುತ್ತದೆ. ರಿಬ್ಬನ್ನಣ್ಣ ರಜಾ ಹಾಕಿದರೆ ಮಾತ್ರ ಆಯುಧಪೂಜೆಯನ್ನೇ ಮುಂದೂಡಬೇಕಾಗುತ್ತದೆ.

ನಮ್ಮ ಶೆಡ್ಡಿನ ಮಸ್ಟರ್ ರೋಲಿನಲ್ಲಿ ಅವನು ಡಿಸ್ಪ್ಯಾಚ್ ಕ್ಲರ್ಕ್. ಮಾಲು ಕಟ್ಟಿ ಕಳಿಸುವುದಕ್ಕೆ ಸಂಬಳ. ಪಂಪಿನ ಬಿಡಿಭಾಗ ಹುಬ್ಬಳ್ಳಿಗೆ ಹೋಗಬೇಕೆಂದರೆ ಹಳೆ ಗೋಣಿಚೀಲಕ್ಕೆ ತುಂಬಿ, ಸುತಳಿಯಲ್ಲಿ ನಾಲ್ಕು ಹೊಲಿಗೆ ಹಾಕಿ, ‘ಕಬ್ಬಿಣಕ್ಕೇನಾಗ್ತತ್ರಿ?’ ಎಂದು ಲಾರಿಗೆ ಎಸೆಯುತ್ತಾನೆ. ಅದೇ ಆಫೀಸಿನ ಹುಡುಗಿಯ ಮದುವೆಗೆ ಆರು ಸ್ಟೀಲ್ ಲೋಟ ಕೊಡಬೇಕೆಂದರೆ ಮಧ್ಯಾಹ್ನದಿಂದ ಫೋನ್ ಎತ್ತುವುದಿಲ್ಲ. ಲೋಟಕ್ಕೆ ಮೊದಲು ಟಿಶ್ಯೂ, ಅದರ ಮೇಲೆ ರಟ್ಟಿನ ಡಬ್ಬಿ, ಡಬ್ಬಿಗೆ ಜರಿ ಕಾಗದ, ಕಾಗದಕ್ಕೆ ರಿಬ್ಬನ್, ರಿಬ್ಬನ್ನಿನ ಮೇಲೆ ಹೂವು. ‘ನನ್ನ ಗಿರಾಕಿ ಮಾಲು ತುಕ್ಕು ಹಿಡಿದು ವಾಪಸ್ ಬಂದೈತೆ, ಇವನ ಲೋಟ ನೋಡ್ರಿ, ಐಸಿಯುದಾಗೈತೆ’ ಎಂದು ಸಾವ್ಕಾರ್ರು ಗೊಣಗುತ್ತಾರೆ. ಗೊಣಗಿ, ಮರುದಿನ ಬೀಗರ ಮನೆಗೆ ಒಯ್ಯುವ ಹಣ್ಣಿನ ಬುಟ್ಟಿಯನ್ನು ತಾವೇ ತಂದು ಅವನ ಟೇಬಲ್ಲಿನ ಮೇಲಿಡುತ್ತಾರೆ.

ರಿಬ್ಬನ್ನಣ್ಣನ ಅರ್ಥಶಾಸ್ತ್ರ ಸರಳ. ಶೆಡ್ಡಿನಲ್ಲಿ ಯಾರದೇ ಮದುವೆ, ನಾಮಕರಣ, ಗೃಹಪ್ರವೇಶ, ನಿವೃತ್ತಿ ಬರಲಿ, ಪಟ್ಟಿ ಎತ್ತುತ್ತಾರೆ. ಟರ್ನರ್ ನೂರು, ವೆಲ್ಡರ್ ನೂರು, ಹೆಲ್ಪರ್ ಐವತ್ತು. ರಿಬ್ಬನ್ನಣ್ಣನ ಹೆಸರಿನ ಮುಂದೆ ಮೊತ್ತದ ಜಾಗದಲ್ಲಿ ‘ಪ್ಯಾಕಿಂಗ್’ ಎಂದು ಬರೆದಿರುತ್ತದೆ. ಬರೆದವನು ಅವನೇ. ‘ದುಡ್ಡು ಯಾರು ಬೇಕಾದ್ರೂ ಕೊಡ್ತಾರ್ರಿ, ಕೈಕೆಲ್ಸ?’ ಎಂದು ಅವನು ಕೇಳಿದರೆ ಉತ್ತರ ಹೇಳುವವರು ಯಾರೂ ಇಲ್ಲ. ಸಮಾರಂಭದ ಮಂಡಕ್ಕಿ ಮೆಣಸಿನಕಾಯಿಯಲ್ಲಿ ಮಾತ್ರ ಅವನ ಪಾಲು ಪೂರ್ತಿ ನೂರು ರೂಪಾಯಿಯದು.

ಹೂವು ಕಟ್ಟುವುದನ್ನು ಹತ್ತಿರ ನಿಂತು ನೋಡಬೇಕು. ಒಂದಿಂಚು ಅಗಲದ ಸ್ಯಾಟಿನ್. ಮೊದಲು ಒಂದಡಿ ಬಾಲ ಬಿಡುತ್ತಾನೆ. ಎಡಗೈಯಲ್ಲಿ ಚಿವುಟಿ ಹಿಡಿದು ಹೆಬ್ಬೆರಳಿನ ಮೇಲೆ ಒಂದು ಪುಟ್ಟ ಸುತ್ತು, ಅದು ನಡುಮೊಗ್ಗು. ಆಮೇಲೆ ಬಲಕ್ಕೊಂದು ನಾಲ್ಕಿಂಚಿನ ಕುಣಿಕೆ, ಎಡಕ್ಕೊಂದು, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಅಗ್ಗದ ಸ್ಯಾಟಿನ್ನಿಗೆ ಹೊಳಪು ಒಂದೇ ಮಗ್ಗುಲು. ಹಾಗಾಗಿ ಪ್ರತಿ ಕುಣಿಕೆಯೂ ನಡುವಿಗೆ ಬಂದಾಗ ಹೆಬ್ಬೆರಳಡಿಯಲ್ಲಿ ಅರ್ಧ ಸುತ್ತು ತಿರುವಬೇಕು. ವಿದ್ಯೆಯೆಲ್ಲ ಆ ಅರ್ಧ ಸುತ್ತಿನಲ್ಲಿದೆ. ಅದನ್ನು ಮರೆತವನ ಹೂವಿನಲ್ಲಿ ಒಂದೆಸಳು ಮದುಮಗಳು, ಒಂದೆಸಳು ಅಡುಗೆಭಟ್ಟ. ಐದು ಬಲಕ್ಕೆ, ಐದು ಎಡಕ್ಕೆ ಆದಮೇಲೆ ಕೊನೆಗೊಂದಡಿ ಬಾಲ. ನಡುವನ್ನು ತಂತಿಯಿಂದ ಬಿಗಿದು, ಎಸಳುಗಳನ್ನು ಒಂದನ್ನು ಮೇಲಕ್ಕೆ ಒಂದನ್ನು ಕೆಳಕ್ಕೆ ಎಳೆದು ಬಿಡಿಸುತ್ತಾನೆ. ಹಿಡಿಯೊಳಗೆ ಮುದುಡಿದ್ದ ರಿಬ್ಬನ್ನು ಅಲ್ಲೇ ಅರಳಿ ನಿಲ್ಲುತ್ತದೆ.

ಇದಕ್ಕೆ ಎಷ್ಟು ರಿಬ್ಬನ್ ಹಿಡಿಯುತ್ತದೆಂದು ಕೇಳಿ, ಅವನ ಮುಖ ಅರಳುತ್ತದೆ. ಕುಣಿಕೆ ಹತ್ತು, ಒಂದೊಂದಕ್ಕೆ ಎಂಟಿಂಚು, ಎಂಬತ್ತು. ಬಾಲ ಎರಡು, ಇಪ್ಪತ್ತನಾಲ್ಕು. ಮೊಗ್ಗು ನಾಲ್ಕು. ಕೂಡಿಸಿ. ‘ನೂರೆಂಟು ಇಂಚ್ರಿ! ಅಷ್ಟೋತ್ತರ! ಮಾಲೆ ಲೆಕ್ಕದಾಗೆ ಬರೋಬ್ಬರಿ ಆರು ಮೊಳ!’ ಈ ಲೆಕ್ಕ ಕಂಡುಹಿಡಿದ ದಿನದಿಂದ ಅವನು ಹೂವು ಕಟ್ಟುವ ಮುನ್ನ ಚಪ್ಪಲಿ ಬಿಡುತ್ತಾನೆ.

ಕೈಗಾರಿಕಾ ಪ್ರದೇಶದಲ್ಲಿರುವುದರ ಲಾಭವನ್ನು ಅವನಷ್ಟು ಪಡೆದ ಸಾವ್ಕಾರ್ರು ಯಾರೂ ಇಲ್ಲ. ನಡು ಬಿಗಿಯುವ ತಂತಿ ಪಕ್ಕದ ಶೆಡ್ಡಿನ ಮೋಟರ್ ವೈಂಡಿಂಗ್‌ನವನಿಂದ ಕಾಡಿಬೇಡಿ ತಂದದ್ದು; ಸುಟ್ಟ ಸಬ್ಮರ್ಸಿಬಲ್ ಮೋಟರಿನ ತಾಮ್ರ. ಈಗಿನ ತಾಮ್ರದ ರೇಟಿನಲ್ಲಿ ಉಡುಗೊರೆಗಿಂತ ಹೂವಿನ ಹೊಟ್ಟೆಯೇ ಬೆಲೆಬಾಳುವ ಸಂದರ್ಭಗಳುಂಟು. ಸಾಲಾಗಿ ನೂರು ಹೂವು ಬೇಕಾದಾಗ ಕೈ ಸಾಲದೆ, ಟರ್ನರ್ ಅಜ್ಜನ ಹತ್ತಿರ ಜಿಗ್ ಮಾಡಿಸಿಕೊಂಡಿದ್ದಾನೆ: ಒಂದು ಕಬ್ಬಿಣದ ಪಟ್ಟಿ, ಅದರ ಮೇಲೆ ಎಂಟಿಂಚು ಅಂತರದಲ್ಲಿ ಎರಡು ಗೂಟ, ಸುತ್ತಿ ಸುತ್ತಿ ನಡುವೆ ಕಟ್ಟಿದರೆ ಆಯಿತು. ಆ ಅಜ್ಜ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಪಳಗಿದ ಕೈ. 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತು ಮಾಡಿಕೊಟ್ಟ ಕಂಪನಿ ಅದು. ಬಾಗಿಲು ಮುಚ್ಚಿ ಎಷ್ಟೋ ವರ್ಷವಾದರೂ, ಅಲ್ಲಿ ಕಲಿತವರಿಗೆ ಕೂದಲೆಳೆ ತಪ್ಪಿದರೆ ಊಟ ಸೇರುವುದಿಲ್ಲ. ಅಜ್ಜ ಗೂಟಗಳನ್ನು ಫೇಸಿಂಗ್ ಮಾಡಿ, ಚ್ಯಾಂಫರ್ ಕೊಟ್ಟು, ಮೈಕ್ರೋಮೀಟರ್ ಹಿಡಿದು ನೋಡಿ ಕೊಟ್ಟ. ‘ಎಷ್ಟು ಟಾಲರೆನ್ಸ್ ಬೇಕಲೇ?’ ಎಂದು ಕೇಳಿದ್ದಕ್ಕೆ ರಿಬ್ಬನ್ನಣ್ಣ, ‘ಮದುಮಗಳು ನಗಬೇಕಜ್ಜ, ಅಷ್ಟು’ ಅಂದನಂತೆ.

ರಿಬ್ಬನ್ ಕೊಳ್ಳಲು ಅವನು ಮಂಡಿಪೇಟೆ, ಚೌಕಿಪೇಟೆ ಸುತ್ತುವಾಗ ಜೇಬಿನಲ್ಲಿ ಊದಿನಕಡ್ಡಿ, ಬೆಂಕಿಪೊಟ್ಟಣ ಇಟ್ಟುಕೊಂಡೇ ಹೋಗುತ್ತಾನೆ. ಅಂಗಡಿಯವನು ‘ರೇಷ್ಮೆ ಅಣ್ಣಾ’ ಅಂದರೆ ಸಾಕು, ಒಂದೆಳೆ ಕಿತ್ತು ಕಿಡಿ ತಾಗಿಸುತ್ತಾನೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ನಾತ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ನಾರು ತೆಗೆಯುವ ಕಾರ್ಖಾನೆ ಇರುವುದರಿಂದ, ಬೂದಿ ಉದುರಿದಾಗಲೆಲ್ಲ ‘ಇದು ನಮ್ ಕಡೇದು’ ಎಂದು ಅಭಿಮಾನಪಡುತ್ತಾನೆ. ಕೊಳ್ಳುವುದು ಮಾತ್ರ ಮಣಿಯಾಗುವುದನ್ನೇ. ಯಾಕೆಂದರೆ ಪಾಲಿಯೆಸ್ಟರಿನ ತುದಿಯನ್ನು ಮೀನಿನ ಬಾಲದ ಹಾಗೆ ಕತ್ತರಿಸಿ ಮೇಣದಬತ್ತಿಯ ಬಳಿ ಒಂದು ಸಲ ಸುಳಿಸಿದರೆ ಅಂಚು ಕರಗಿ ಕೂಡಿಕೊಂಡು ನೂಲು ಬಿಡುವುದಿಲ್ಲ. ಉಳಿದವು ಬೆಂಕಿ ಕಂಡರೆ ಉರಿದೇ ಹೋಗುತ್ತವೆ. ಅಂಗಡಿಯವರು ಈಗ ಅವನು ಬರುವುದು ಕಂಡರೆ ಮೊದಲು ಫ್ಯಾನ್ ಆರಿಸುತ್ತಾರೆ, ಆಮೇಲೆ ಒಂದು ಲೋಟ ನೀರು ಪಕ್ಕಕ್ಕಿಟ್ಟುಕೊಳ್ಳುತ್ತಾರೆ.

ಇನ್ನು ಹೊಳೆಯುವ ಪ್ಲಾಸ್ಟಿಕ್ ರಿಬ್ಬನ್ನಿನ ಗುಂಗುರು. ಕತ್ತರಿಯ ಅಲಗಿಗೆ ಹೆಬ್ಬೆರಳಿನಿಂದ ಒತ್ತಿ ಎಳೆದರೆ ಅದು ಸ್ಪ್ರಿಂಗಾಗಿ ಸುತ್ತಿಕೊಳ್ಳುತ್ತದೆ. ರಿಬ್ಬನ್ನಣ್ಣ ಇದನ್ನು ಎಷ್ಟು ನಿಧಾನ ಎಳೆಯುತ್ತಾನೆಂದರೆ, ಒಂದು ಡಬ್ಬಿ ಗುಂಗುರಾಗುವುದರೊಳಗೆ ಒಂದು ಶಿಫ್ಟು ಮುಗಿದಿರುತ್ತದೆ. ಸೋಮಾರಿತನ ಎಂದು ಫೋರ್‌ಮನ್ ದೂರು ಕೊಟ್ಟ. ಆದರೆ ವಿಜ್ಞಾನ ರಿಬ್ಬನ್ನಣ್ಣನ ಪರ ನಿಂತಿತು. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ಆ ಅಸಲಿ ಮ್ಯಾಂಚೆಸ್ಟರಿನ ವಿಶ್ವವಿದ್ಯಾಲಯದವರೂ ಇದ್ದ ಒಂದು ತಂಡ 2016ರಲ್ಲಿ ಇದನ್ನೇ ಕೂತು ಪರೀಕ್ಷೆ ಮಾಡಿತು. ಅಲಗಿನ ಮೇಲೆ ಬಾಗುವಾಗ ರಿಬ್ಬನ್ನಿನ ಹೊರಮೈ ಹಿಂದೆ ಬಾರದಷ್ಟು ಹಿಗ್ಗುತ್ತದೆ, ಒಳಮೈ ಹಿಗ್ಗುವುದಿಲ್ಲ, ಅದಕ್ಕೇ ಸುರುಳಿ. ಎಳೆತ ನಿಧಾನವಾದಷ್ಟೂ ಹಿಗ್ಗಲು ಹೊತ್ತು ಸಿಕ್ಕಿ ಗುಂಗುರು ಬಿಗಿಯಾಗುತ್ತದೆ ಎಂದು ತೀರ್ಮಾನವಾಯಿತು. ಇದನ್ನು ಯಾರೋ ಪುಣ್ಯಾತ್ಮರು ಅವನಿಗೆ ಹೇಳಿಬಿಟ್ಟರು. ಅಂದಿನಿಂದ ಇನ್‌ವಾಯ್ಸ್ ಬರೆಯುವುದನ್ನೂ ನಿಧಾನ ಮಾಡಿದ್ದಾನೆ.

ಅವನ ಸ್ಟಾಕಿಗೆ ವರ್ಷವೆಂಬುದು ಜನವರಿಯಿಂದ ಡಿಸೆಂಬರ್ ಅಲ್ಲ, ಬಣ್ಣದಿಂದ ಬಣ್ಣಕ್ಕೆ. ಆಗಸ್ಟ್ 15ಕ್ಕೆ ಕೇಸರಿ, ಬಿಳಿ, ಹಸಿರು. ಅದರಲ್ಲಿ ಉಳಿದ ಕೇಸರಿ ಗಣಪತಿಗೆ, ಅಲ್ಲಿಂದ ಆಯುಧಪೂಜೆಯ ಲೇತಿಗೆ. ನವೆಂಬರ್ 1ಕ್ಕೆ ಹಳದಿ, ಕೆಂಪು. ಹಳದಿ ಮದುವೆ ಮನೆಗೆ ಹೋಗುತ್ತದೆ. ಕೆಂಪು ಉಳಿಯುತ್ತದೆ, ಆಗಸ್ಟಿನ ಹಸಿರೂ ಉಳಿದಿರುತ್ತದೆ. ಅಷ್ಟರಲ್ಲಿ ಡಿಸೆಂಬರ್. ಹರಿಹರದಿಂದ ಬರುವ ನಮ್ಮ ವೆಲ್ಡರ್ ಪ್ರತಿ ಸೆಪ್ಟೆಂಬರ್ 8ಕ್ಕೆ ಆರೋಗ್ಯ ಮಾತೆಯ ಹಬ್ಬಕ್ಕೆ ರಜಾ ಹಾಕುವವನು. ಕ್ರಿಸ್‌ಮಸ್ಸಿಗೆ ಬಾಗಿಲ ಮೇಲೆ ತೂಗುಹಾಕುವ ಹಸಿರು ಬಳೆ ಬೇಕೆಂದ. ಬಳೆಯನ್ನು ತಾನೇ ಮಾಡಿದ, ವೆಲ್ಡರ್ ಮಾಡುವ ಹಾಗೆಯೇ, ಹತ್ತು ಎಂಎಂ ರಾಡಿನಲ್ಲಿ. ಅದಕ್ಕೆ ಸರ್ವೆ ಮರದ ಸೊಪ್ಪು ಸುತ್ತಿದ್ದಾಯಿತು. ರಿಬ್ಬನ್ನಣ್ಣ ರಾಜ್ಯೋತ್ಸವದ ಕೆಂಪು, ಸ್ವಾತಂತ್ರ್ಯೋತ್ಸವದ ಹಸಿರು ಸೇರಿಸಿ ಎರಡೆರಡು ಅಷ್ಟೋತ್ತರದ ಹೂವು ಕಟ್ಟಿದ. ನೋಡಿದವರೆಲ್ಲ ‘ಫಾರಿನ್ನಿಂದ ತರಿಸಿದ್ದಾ?’ ಎಂದು ಕೇಳಿದರಂತೆ. ಬಳೆಯ ಭಾರಕ್ಕೆ ಬಾಗಿಲ ಮೊಳೆ ಕಿತ್ತುಬಂತು. ಹೂವಿನ ಒಂದೆಸಳೂ ಕೊಂಕಲಿಲ್ಲ. ‘ವೆಲ್ಡಿಂಗ್ ಬಿಟ್ಟು ಎಲ್ಲಾ ಹಗೂರ ಇರಬೇಕಪ್ಪ’ ಎಂಬುದು ರಿಬ್ಬನ್ನಣ್ಣನ ಅಭಿಪ್ರಾಯ.

ಉದ್ಘಾಟನೆ ಬಂತೆಂದರೆ ಅವನ ವೈಭವವೇ ಬೇರೆ. ಮುಖ್ಯ ಅತಿಥಿಗೆ ಮೂರು ಸುತ್ತಿನ ಬ್ಯಾಡ್ಜ್, ಅಧ್ಯಕ್ಷರಿಗೆ ಎರಡು, ಸ್ವಾಗತ ಸಮಿತಿಗೆ ಒಂದು, ಪತ್ರಕರ್ತರಿಗೆ ಬರೀ ಬಾಲ. ಯಾರಿಗೆ ಎಷ್ಟು ಸುತ್ತು ಎನ್ನುವುದು ಅವನ ಕೈಯಲ್ಲಿ. ಈ ಕಾರಣಕ್ಕೆ ಹಿಂದಿನ ದಿನ ಅವನಿಗೆ ಬೆಣ್ಣೆದೋಸೆ ಕೊಡಿಸಲು ಸರದಿ ನಿಲ್ಲುತ್ತದೆ. ಬಾಗಿಲಿಗೆ ಕಟ್ಟಿದ ರಿಬ್ಬನ್ನಿನ ನಡುವೆ ದೊಡ್ಡ ಹೂವು. ಬೆಳ್ಳಿ ತಟ್ಟೆಯಲ್ಲಿ ಬರುವ ಕತ್ತರಿ ಯಾವಾಗಲೂ ಮೊಂಡು, ಸ್ಯಾಟಿನ್ ಯಾವಾಗಲೂ ನುಣುಪು. ಸಡಿಲ ಬಿಟ್ಟರೆ ಅಲಗಿನ ನಡುವೆ ಮಡಚಿಕೊಂಡು ಅತಿಥಿಗಳ ಮರ್ಯಾದೆ ತೆಗೆಯುತ್ತದೆ. ಹಾಗಾಗಿ ರಿಬ್ಬನ್ನಣ್ಣ ಪಕ್ಕದಲ್ಲಿ ಬಗ್ಗಿ ನಿಂತು ಎರಡೂ ಕೈಯಲ್ಲಿ ಬಿಗಿ ಹಿಡಿಯುತ್ತಾನೆ. ಕರೂರಿನ ಎಷ್ಟೋ ಶೆಡ್ಡುಗಳ ಗೋಡೆಯ ಮೇಲಿನ ಉದ್ಘಾಟನಾ ಫೋಟೋಗಳಲ್ಲಿ ನಗುವ ಗಣ್ಯರ ಸಾಲಿನ ತುದಿಗೆ ಯಾರದೋ ಒಂದು ಮೊಣಕೈ ಕಾಣುತ್ತದೆ. ಅದು ಅವನದು. ‘ಇದು ನಾನು’ ಎಂದು ಹೆಂಡತಿಗೆ ತೋರಿಸಿದ್ದಾನೆ.

ಗಣ್ಯರು ಕತ್ತರಿ ಎತ್ತಿದ ಕ್ಷಣ ಅವನ ಎದೆ ಬಡಿದುಕೊಳ್ಳುತ್ತದೆ. ‘ಸರ್, ಪಕ್ಕಕ್ಕೆ ಸರ್, ಹೂವಿಗೆ ಹಾಕ್ಬ್ಯಾಡ್ರಿ’ ಎಂದು ಪಿಸುಗುಟ್ಟುತ್ತಾನೆ. ಗಣ್ಯರಿಗೆ ಡೊಳ್ಳಿನ ಸದ್ದಿನಲ್ಲಿ ಕೇಳುವುದಿಲ್ಲ. ಸರಿಯಾಗಿ ನೂರೆಂಟರ ನಡುವಿಗೇ ಹಾಕುತ್ತಾರೆ. ಮೋಟರಿನ ತಾಮ್ರಕ್ಕೆ ಸಿಕ್ಕ ಕತ್ತರಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಚಪ್ಪಾಳೆ ಮೊದಲೇ ಬಿದ್ದಿರುತ್ತದೆ, ಬಾಗಿಲು ಇನ್ನೂ ತೆರೆದಿರುವುದಿಲ್ಲ. ಕೊನೆಗೆ ಫೋರ್‌ಮನ್ ಹ್ಯಾಕ್ಸಾ ತರಲು ಓಡುತ್ತಾನೆ.

ಮದುವೆ ಮನೆಯಲ್ಲಿ ಅವನು ಊಟಕ್ಕಿಂತ ಮೊದಲು ನೋಡುವುದು ಉಡುಗೊರೆ ಬಿಚ್ಚುವ ಕೋಣೆಯನ್ನು. ಮಕ್ಕಳು ಕಾಗದ ಪರಪರ ಹರಿಯುವಾಗ ‘ಏ ತಡ್ರಲೇ, ಬಾಲ ಎಳೀರಿ, ಗಂಟು ಬಿಚ್ಕಂತತಿ’ ಎಂದು ಕೂಗುತ್ತಾನೆ. ಬಿಚ್ಚಿದ ರಿಬ್ಬನ್ನೆಲ್ಲ ಬೆರಳಿಗೆ ಸುತ್ತಿ ಕಿಸೆಗೆ. ಮನೆಯಲ್ಲಿ ಹೆಂಡತಿ ಮೇಲೆ ತೆಳುಬಟ್ಟೆ ಹಾಕಿ ಸಣ್ಣ ಕಾವಿನಲ್ಲಿ ಇಸ್ತ್ರಿ ಮಾಡಿಕೊಡಬೇಕು. ಕಾವು ಹೆಚ್ಚಾದರೆ ಪಾಲಿಯೆಸ್ಟರ್ ಮುರುಟಿ ಸಂಸಾರದಲ್ಲಿ ಎರಡು ದಿನ ಮೌನ. ಹೀಗೆ ಒಂದೇ ಗುಲಾಬಿ ರಿಬ್ಬನ್ನು ಒಬ್ಬಳ ಮದುವೆಗೆ, ಅವಳ ಮಗುವಿನ ನಾಮಕರಣಕ್ಕೆ, ಆ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹೋಗಿಬಂದದ್ದುಂಟು. ಒಳಗಿನ ಗೋಡೆ ಗಡಿಯಾರ ಮೂರು ಸಲವೂ ಬೇರೆ ಬೇರೆ.

ಕೊನೆಗೆ ಅವನ ನಿವೃತ್ತಿಯೂ ಬಂತು. ಎಂದಿನಂತೆ ಪಟ್ಟಿ ಎತ್ತಿದರು. ಪಟ್ಟಿ ಶೆಡ್ಡೆಲ್ಲ ಸುತ್ತಿ ಅಭ್ಯಾಸಬಲದಿಂದ ಅವನ ಟೇಬಲ್ಲಿಗೂ ಬಂತು. ಅವನೂ ಅಭ್ಯಾಸಬಲದಿಂದ ತನ್ನ ಹೆಸರಿನ ಮುಂದೆ ‘ಪ್ಯಾಕಿಂಗ್’ ಎಂದು ಬರೆದ. ಗಡಿಯಾರ ಬಂದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಬೇರೆ ಯಾರಿಗೆ ಬರುತ್ತದೆ? ಫೋರ್‌ಮನ್ ತಲೆ ಕೆರೆದುಕೊಳ್ಳುತ್ತಾ ಡಬ್ಬಿ ತಂದಿಟ್ಟು, ‘ನಾಳೆ ಒಬ್ರದು ಬೀಳ್ಕೊಡುಗೆ ಐತಿ, ಒಂದೀಟು ಕಟ್ಟಿಕೊಡಣ್ಣ’ ಅಂದ. ಅವನು ಯಾರದೆಂದು ಕೇಳಲಿಲ್ಲ. ಚಪ್ಪಲಿ ಬಿಟ್ಟು ಕೂತ. ಅಗಲದ ಹೊಸ ಮರೂನ್ ಸ್ಯಾಟಿನ್ನಿನ ಸುರುಳಿಯನ್ನು ಅಂದು ಮೊದಲ ಸಲ ಬಿಚ್ಚಿದ.

ಮರುದಿನ ವೇದಿಕೆಯ ಮೇಲೆ ಸಾವ್ಕಾರ್ರು ಶಾಲು ಹೊದಿಸಿ, ಡಬ್ಬಿ ಕೈಗಿಟ್ಟು, ‘ಇಲ್ಲೇ ಬಿಚ್ಚಪ್ಪ, ನಾವೂ ನೋಡೋಣು’ ಅಂದರು. ರಿಬ್ಬನ್ನಣ್ಣ ಡಬ್ಬಿಯನ್ನು ಎದೆಗವಚಿಕೊಂಡು ಮೈಕಿನ ಹತ್ತಿರ ಬಾಯಿ ತಂದ:

‘ಒಳಗೇನೈತಿ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಅದು ಆರು ತಿಂಗಳಿಗೆ ನಿಂತು ಹೋಗತತಿ. ಇದನ್ನ ಬಿಚ್ಚಂಗಿಲ್ಲ ಬಿಡ್ರಿ, ಹಿಂಗೇ ಗ್ವಾಡೆಗೆ ಹಾಕ್ತೀನಿ.’