ಬುಸೇರಿಯಾಸಿನ ಬಾಬಣ್ಣ

ಮೊದಲ ಹಿಮ ಬೀಳುವ ಮುಂಚೆ ಕಣ್ಮರೆಯಾಗಿ, ಹಿಮವೆಲ್ಲ ಕರಗಿದ ಮೇಲೆ ಮೂಗು ಸುಲಿದುಕೊಂಡು ವಾಪಸಾಗುವ ಜನ ಕೆನಡಾದ ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಸ್ನೋಬರ್ಡ್ ಎಂದು ಅವರಿಗೆ ಹೆಸರು. ಮಿಸ್ಸಿಸಾಗಾದ ನಮ್ಮ ಬೀದಿಯ ಹಕ್ಕಿಯನ್ನು ನಾನೂ ನನ್ನ ಹೆಂಡತಿಯೂ ಬಾಬಣ್ಣ ಎಂದು ಕರೆಯುತ್ತೇವೆ. ಎಪ್ಪತ್ತರ ಹತ್ತಿರದ ಹಿರಿಯರನ್ನು ಬರೀ ಬಾಬ್ ಅನ್ನಲು ನಮಗೆ ಬಾಯಿ ಬರಲಿಲ್ಲ. ಅವರು ಅದನ್ನು ಯಾವುದೋ ಬಿರುದು ಅಂದುಕೊಂಡಿದ್ದಾರೆ. ನಾವೂ ತಿದ್ದಲು ಹೋಗಿಲ್ಲ.

ಬಾಬಣ್ಣ ನಿವೃತ್ತರು. ಉಳಿದಿರುವುದು ಒಂದೇ ಕೆಲಸ, ದಿನ ಎಣಿಸುವುದು. ಒಂಟಾರಿಯೋದ ಸರಕಾರಿ ಆರೋಗ್ಯ ವಿಮೆ ಉಳಿಯಬೇಕಾದರೆ ಯಾವುದೇ 12 ತಿಂಗಳಲ್ಲಿ 153 ದಿನವಾದರೂ ಪ್ರಾಂತ್ಯದೊಳಗೇ ಇರಬೇಕು. ಅತ್ತ ಮೆಕ್ಸಿಕೊ ಪ್ರವಾಸಿಗೆ ಕೊಡುವುದು ಹೆಚ್ಚೆಂದರೆ 180 ದಿನ. ಈ ಎರಡು ಸಂಖ್ಯೆಗಳ ನಡುವೆ ಒಂದು ದಿನವೂ ಪೋಲಾಗದಂತೆ ಬದುಕುವುದನ್ನು ಅವರು ಶಾಸ್ತ್ರದ ಮಟ್ಟಕ್ಕೆ ಏರಿಸಿದ್ದಾರೆ. ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಕೆಂಪು ಗೀಟು ಅಲ್ಲಿಯದು, ನೀಲಿ ಗೀಟು ಇಲ್ಲಿಯದು. ಮಗಳು ನವೆಂಬರ್ ಕೊನೆಗೆ ಮದುವೆ ಇಟ್ಟುಕೊಂಡಾಗ ಬಾಬಣ್ಣ ಅಳಿಯನ ಕುಲಗೋತ್ರ ವಿಚಾರಿಸಲಿಲ್ಲ. ‘ಮೂರು ವಾರ ಲಾಸು’ ಅಂದರು.

ಅವರು ಹೋಗುವುದು ಬುಸೇರಿಯಾಸಿಗೆ. ಪ್ವೆರ್ತೊ ವಾಯಾರ್ತ ವಿಮಾನ ನಿಲ್ದಾಣದಿಂದ ಉತ್ತರಕ್ಕೆ, ಬಾಂದೆರಾಸ್ ಕೊಲ್ಲಿಯ ದಂಡೆಯ ಮೇಲಿನ ಊರು. ನಾವೂ ಅವರ ಕರೆಗೆ ಓಗೊಟ್ಟು ಒಂದು ಜನವರಿಯಲ್ಲಿ ಹೋದೆವು. ನಿಲ್ದಾಣದಿಂದ ಊರು ಮುಟ್ಟುವುದರೊಳಗೆ ಬಾಬಣ್ಣ ಸ್ಥಳಪುರಾಣ ಮುಗಿಸಿದರು. 1963ರಲ್ಲಿ ಜಾನ್ ಹ್ಯೂಸ್ಟನ್ ಇಲ್ಲಿಯ ಮಿಸ್ಮಲೋಯಾದಲ್ಲಿ ‘ದಿ ನೈಟ್ ಆಫ್ ದಿ ಇಗ್ವಾನಾ’ ಚಿತ್ರ ತೆಗೆದದ್ದು, ನಾಯಕ ರಿಚರ್ಡ್ ಬರ್ಟನ್ ಹಿಂದೆ ಎಲಿಜಬೆತ್ ಟೇಲರ್ ಬಂದಿಳಿದದ್ದು, ಅವರ ಪ್ರಣಯದ ಬೆನ್ನು ಹತ್ತಿ ಪತ್ರಕರ್ತರು ಬಂದು ವಾಯಾರ್ತ ಜಗತ್ಪ್ರಸಿದ್ಧವಾದದ್ದು, ಎಲ್ಲವನ್ನೂ ಕ್ಲ್ಯಾಪ್ ಹೊಡೆದವರೇ ತಾವು ಎಂಬಂತೆ ಹೇಳಿದರು. ಆ ವರ್ಷ ಅವರು ಒಂದನೇ ಕ್ಲಾಸಿನಲ್ಲಿದ್ದರು.

ಇಲ್ಲಿಯ ಸ್ನೋಬರ್ಡ್ ಬಳಗದಲ್ಲಿ ದೊಡ್ಡಸ್ತಿಕೆಯನ್ನು ದುಡ್ಡಿನಿಂದ ಅಳೆಯುವುದಿಲ್ಲ, ಯಾವ ವರ್ಷ ಮೊದಲು ಬಂದಿರಿ ಎಂಬುದರಿಂದ ಅಳೆಯುತ್ತಾರೆ. ಅದಕ್ಕೊಂದು ಗಡಿಕಲ್ಲೂ ಇದೆ. ಬುಸೇರಿಯಾಸ್ ಇರುವುದು ನಯಾರಿತ್ ರಾಜ್ಯದಲ್ಲಿ. ವಿಮಾನ ನಿಲ್ದಾಣ ಇರುವುದು ಅಮೇಕಾ ನದಿಯಾಚೆ ಹಲಿಸ್ಕೊ ರಾಜ್ಯದಲ್ಲಿ. 2010ರ ತನಕ ಸೇತುವೆ ದಾಟಿದರೆ ಗಡಿಯಾರ ಒಂದು ತಾಸು ಮುಂದೆ ಓಡುತ್ತಿತ್ತು. ಹೊತ್ತಿಗೆ ಸರಿಯಾಗಿ ಹೊರಟವರೂ ವಿಮಾನ ಹೋಗಿ ಆಗಿದೆ ಎಂಬ ಸುದ್ದಿ ಕೇಳುತ್ತಿದ್ದರು. ಆ ವರ್ಷ ಈ ಭಾಗದ ಸಮಯವನ್ನೂ ವಾಯಾರ್ತದ ಸಮಯಕ್ಕೇ ಹೊಂದಿಸಿದರು. ಬಾಬಣ್ಣ ಅದಕ್ಕೂ ಮೊದಲಿನವರು, ಒಮ್ಮೆ ವಿಮಾನ ತಪ್ಪಿಸಿಕೊಂಡವರು. ಯುದ್ಧದಲ್ಲಿ ಗಾಯಗೊಂಡವರಿಗಿರುವ ಮರ್ಯಾದೆ ಅವರಿಗಿದೆ. 2015ರಲ್ಲಿ ಬಂದವರೊಬ್ಬರು ಅವರೆದುರು ಈಗಲೂ ಕುರ್ಚಿಯ ತುದಿಯಲ್ಲೇ ಕೂರುತ್ತಾರೆ. ಒಂದು ವಾರದ ಪ್ಯಾಕೇಜಿನಲ್ಲಿ ಬರುವವರನ್ನಂತೂ ಬಾಬಣ್ಣ ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ. ‘ಈಚೆಗೆ ಊರಿನ ತುಂಬ ಪರದೇಶದವರು’ ಎಂದು ಅವರು ಮಿಸ್ಸಿಸಾಗಾ ಉಚ್ಚಾರಣೆಯಲ್ಲಿ ಕೊರಗುವುದನ್ನು ಕೇಳಬೇಕು.

ಹಾಗೆಂದು ಅಲ್ಲಿ ಅವರ ಹೆಸರಿನಲ್ಲಿ ಒಂದು ಅಂಗುಲ ಜಾಗವಿಲ್ಲ. ಕಡಲ ತೀರದಿಂದ 50 ಕಿಲೋಮೀಟರಿನೊಳಗೆ ವಿದೇಶಿಯರು ನೇರವಾಗಿ ಜಮೀನಿನ ಒಡೆಯರಾಗುವುದನ್ನು ಮೆಕ್ಸಿಕೊದ ಸಂವಿಧಾನ ಒಪ್ಪುವುದಿಲ್ಲ. ಬೇಕೆಂದರೆ ಬ್ಯಾಂಕಿನ ಹೆಸರಿನಲ್ಲಿ 50 ವರ್ಷದ ಟ್ರಸ್ಟು ಮಾಡಿಸಿ ಫಲಾನುಭವಿಯಾಗಿ ಇರಬಹುದು. ಅವಧಿ ಮುಗಿದರೆ ನವೀಕರಣ. ಬಾಬಣ್ಣನವರದು ಅಂಥ ಮನೆ. ‘ಮನೆ ನನ್ನದೇ, ಪತ್ರ ಮಾತ್ರ ಬ್ಯಾಂಕಿನದು’ ಅನ್ನುತ್ತಾರೆ. ಬೆಂಗಳೂರಿನಲ್ಲಿ ಸಾಲ ತೀರಿಸುತ್ತಿರುವ ನನ್ನ ತಮ್ಮನೂ ಅದನ್ನೇ ಅನ್ನುತ್ತಾನೆ.

ಬೆಳಗ್ಗೆ ಎದ್ದೊಡನೆ ಬಾಬಣ್ಣ ಸಮುದ್ರ ನೋಡುವುದಿಲ್ಲ, ಫೋನು ನೋಡುತ್ತಾರೆ. ಮಿಸ್ಸಿಸಾಗಾದಲ್ಲಿ ಮೈನಸ್ 18 ಎಂದಿದ್ದರೆ ಆ ದಿನ ಸಾರ್ಥಕ. ಜೋರಾಗಿ ಓದಿ ಹೇಳಿ, ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳುತ್ತಾರೆ. ಅಲ್ಲಿ ಪ್ಲಸ್ 4 ಆದ ದಿನ ಮಾತ್ರ ಮನೆಯಲ್ಲಿ ಸೂತಕ. ‘ಹಾಗಾದರೆ ಇಷ್ಟು ಖರ್ಚು ಮಾಡಿ ಯಾಕೆ ಬಂದದ್ದು?’

ಆಮೇಲೆ ಗೆಳೆಯರ ಬಳಗ ಕೂಡುತ್ತದೆ. ನಾಲ್ಕು ದಂಪತಿಗಳು, ಎಲ್ಲರೂ ಒಂಟಾರಿಯೋದವರೇ. ಊರಲ್ಲಿ ಹತ್ತು ನಿಮಿಷದ ದೂರದಲ್ಲಿದ್ದೂ ತಿಂಗಳುಗಟ್ಟಲೆ ಮುಖ ನೋಡದವರು ಇಲ್ಲಿ ದಿನಕ್ಕೆ ಮೂರು ಹೊತ್ತು ಜೊತೆಗಿರುತ್ತಾರೆ. ಬೆಳಗ್ಗೆ ಪಿಕಲ್‌ಬಾಲ್, ಮಧ್ಯಾಹ್ನ ನಿದ್ದೆ, ಸಂಜೆ ‘ಮೆಕ್ಸಿಕನ್ ಟ್ರೇನ್’ ಎಂಬ ಡಾಮಿನೋ ಆಟ. ಅದನ್ನು ಆಡುವ ಮೆಕ್ಸಿಕನ್ನರು ನನ್ನ ಕಣ್ಣಿಗಂತೂ ಬೀಳಲಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೊಲ್ಲಿಗೆ ಗೂನುಬೆನ್ನಿನ ತಿಮಿಂಗಿಲಗಳೂ ಉತ್ತರದ ತಣ್ಣೀರಿನಿಂದ ಸಂಸಾರ ಸಮೇತ ಬರುತ್ತವೆ. ಇರುವಷ್ಟು ದಿನವೂ ಅವುಗಳಿಗೆ ಹೆಚ್ಚುಕಡಿಮೆ ಉಪವಾಸ. ಆ ಕೊರತೆಯನ್ನು ಬಳಗ ತುಂಬಿಕೊಡುತ್ತದೆ.

ಕೆಂಡದ ಮೇಲೆ ಸುಟ್ಟ ಸರಂದೆಯಾದೊ ಮೀನು ನಯಾರಿತ್ ಕರಾವಳಿಯ ಹೆಮ್ಮೆ. ಅದನ್ನು ತಿನ್ನಲು ಅರ್ಧ ಗಂಟೆ ಸಾಕು. ಬಿಲ್ಲು ಹಂಚಲು ಮುಕ್ಕಾಲು ಗಂಟೆ ಬೇಕು. ನಾವು ಕನ್ನಡದವರು ‘ಛೆ ಛೆ, ನಾನು ಕೊಡ್ತೀನಿ’ ಎಂದು ಕೌಂಟರಿನ ಮುಂದೆ ತಳ್ಳಾಡುವ ಜಾತಿ. ಇಲ್ಲಿ ಎಂಟು ಓದುಗನ್ನಡಕಗಳು ಒಟ್ಟಿಗೆ ಹೊರಬಂದವು. ಒಬ್ಬರು ಮಾರ್ಗರೀಟಾ ಕುಡಿದಿಲ್ಲ, ಇನ್ನೊಬ್ಬರು ಹೆಂಡತಿಯ ಸೀಗಡಿಯಲ್ಲಿ ಎರಡು ಮಾತ್ರ ತಿಂದಿದ್ದಾರೆ. ಬಾಬಣ್ಣ ಪೆಸೊವನ್ನು ಡಾಲರು ಮಾಡಿ, ಭಾಗಿಸಿ, ಮತ್ತೆ ಪೆಸೊ ಮಾಡಿದರು. ಪ್ರತಿ ಸಲವೂ 40 ಪೆಸೊ ಎಲ್ಲೋ ಸೋರಿಹೋಯಿತು. ಕೊನೆಗೆ ಬಾಬಣ್ಣ ತಮ್ಮ ಸ್ಪ್ಯಾನಿಷಿನಲ್ಲಿ ಮಾಣಿಯನ್ನು ಕರೆದರು. ಆ ಭಾಷೆಯಲ್ಲಿ ಕ್ರಿಯಾಪದಗಳಿಲ್ಲ, ದನಿ ಮಾತ್ರ ದೊಡ್ಡದು. ಹುಡುಗ ಬಂದು ಸೊಗಸಾದ ಇಂಗ್ಲಿಷಿನಲ್ಲಿ, ‘ಸರ್, ಗ್ವಾಕಮೋಲೆ ಬಿಟ್ಟುಹೋಗಿದೆ’ ಅಂದ. 2023ರಲ್ಲಿ ಪೆಸೊ ಗಟ್ಟಿಯಾದದ್ದನ್ನು ಬಾಬಣ್ಣ ತಮಗೆ ಆದ ಅವಮಾನವೆಂದೇ ಇಂದಿಗೂ ತಿಳಿದಿದ್ದಾರೆ.

ನಮಗೆ ಜ್ಞಾನ ನೀಡುವುದರಲ್ಲಂತೂ ಧಾರಾಳಿ. ಬೀದಿಯಲ್ಲಿ ಕಡ್ಡಿಗೆ ಚುಚ್ಚಿದ ಮಾವಿನಹಣ್ಣಿಗೆ ನಿಂಬೆರಸ, ಉಪ್ಪು, ಖಾರದಪುಡಿ ಹಾಕಿ ಕೊಡುತ್ತಾರೆ. ‘ಹೆದರಬೇಡಿ, ರುಚಿ ನೋಡಿ’ ಎಂದು ಬಾಬಣ್ಣ ನನ್ನ ಹೆಂಡತಿಗೆ ಧೈರ್ಯ ತುಂಬಿದರು. ಅವಳು ಹುಟ್ಟಿದ್ದು ಮಾವಿನ ಊರಾದ ಶ್ರೀನಿವಾಸಪುರದಲ್ಲಿ. ನಕ್ಕು ಹಣ್ಣು ತೆಗೆದುಕೊಂಡು ನನಗೆ ಕನ್ನಡದಲ್ಲಿ ಹೇಳಿದಳು: ‘ಮಾವು ನಮ್ಮ ಕಡೆಯಿಂದ ಹಡಗು ಹತ್ತಿ ಇವರಲ್ಲಿಗೆ ಬಂತು, ಮೆಣಸಿನಕಾಯಿ ಇವರ ಕಡೆಯಿಂದ ನಮ್ಮಲ್ಲಿಗೆ ಬಂತು. ನಡುವೆ ಈ ಬಾಬಣ್ಣಂದೇನ್ರೀ ಪಂಚಾಯ್ತಿ?’

ಜನವರಿ 6, ಮೂವರು ರಾಜರ ಹಬ್ಬ. ಅಂದು ಬಳೆಯಾಕಾರದ ಸಿಹಿ ರೊಟ್ಟಿ, ರೋಸ್ಕಾ, ಕತ್ತರಿಸುತ್ತಾರೆ. ಒಳಗೆ ಪುಟ್ಟ ಶಿಶುವಿನ ಬೊಂಬೆ ಅಡಗಿರುತ್ತದೆ. ಯಾರ ತುಂಡಿನಲ್ಲಿ ಸಿಗುತ್ತದೋ ಅವರು ಫೆಬ್ರವರಿ 2ರ ಕಾಂದೆಲಾರಿಯಾ ಹಬ್ಬಕ್ಕೆ ಎಲ್ಲರಿಗೂ ತಮಾಲೆ ತಿನ್ನಿಸಬೇಕು. ನಮ್ಮ ಕೊಟ್ಟೆ ಕಡುಬಿನ ಹಾಗೆ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ ತಿನಿಸು ಅದು. ಬಾಬಣ್ಣ ಈ ಸಂಪ್ರದಾಯದ ಮಹಿಮೆಯನ್ನು ಬಣ್ಣಿಸುತ್ತಲೇ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಇದ್ದಕ್ಕಿದ್ದಂತೆ ಮಾತು ನಿಂತಿತು. ಎಡಗೆನ್ನೆ ಸ್ವಲ್ಪ ಉಬ್ಬಿತು. ನೋಟ ಸಮುದ್ರದ ಕಡೆ ಹೊರಳಿತು. ಅಷ್ಟು ಹೊತ್ತು ಅವರು ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಎಲ್ಲರಿಗೂ ಗೊತ್ತಾಗಿಹೋಯಿತು. ಹೆಂಡತಿ ಅಂಗೈ ಚಾಚಿ, ‘ಉಗುಳಿ’ ಅಂದರು.

ಫೆಬ್ರವರಿ 2ಕ್ಕೆ ನಾವು ಮಿಸ್ಸಿಸಾಗಾಕ್ಕೆ ಮರಳಿ ಹಿಮ ತೋಡುತ್ತಿದ್ದೆವು. ಬಳಗದವರೊಬ್ಬರು ಫೋನಿನಲ್ಲಿ ಹೇಳಿದರು: ತಮಾಲೆ ಬಂತು, ಚೆನ್ನಾಗಿತ್ತು, ಹಿಂದೆಯೇ ತಲಾ ಎಷ್ಟೆಂಬ ಲೆಕ್ಕವೂ ಬಂತು.

ನಿಮಗೂ ಇಂಥ ಬಾಬಣ್ಣನವರ ಕರೆ ಬಂದರೆ ಖಂಡಿತ ಹೋಗಿಬನ್ನಿ. ಸಮುದ್ರ ಚೆನ್ನಾಗಿದೆ, ಮೀನು ಇನ್ನೂ ಚೆನ್ನಾಗಿದೆ, ಮನುಷ್ಯರೂ ಕೆಟ್ಟವರಲ್ಲ. ಚಿಲ್ಲರೆ ಪೆಸೊ ಮಾತ್ರ ಜೇಬಿನಲ್ಲಿರಲಿ.