ಎರಡು ದೇಶದ ಅಣ್ಣಾ

ಅಥಣಿ ಸೀಮೆಯ ಕಬ್ಬಿನ ಊರುಗಳಲ್ಲಿ ಈಗ ಊರಿಗೊಬ್ಬ ಅಮೆರಿಕಾ ಅಣ್ಣಾ ಸಿಗುತ್ತಾನೆ. ನಮ್ಮ ಕೊಕಟನೂರಿನವನು ಎಲ್ಲಮ್ಮನ ಜಾತ್ರೆ ಹಿಡಿದು ಬರುತ್ತಾನೆ. ಊರ ಹುಡುಗರೆಲ್ಲ ಜೀನ್ಸಿಗೆ ಬಿದ್ದು ಯಾವ ಕಾಲವಾಯಿತೋ. ಧೋತರ ಉಡುವ ಯುವಕ ಇವನೊಬ್ಬನೇ, ಅದೂ ಬೆಲ್ಟು ಬಿಗಿದು. ಕಾಲಲ್ಲಿ ಅಥಣಿಯಲ್ಲೇ ಹೊಲಿದ ಕೊಲ್ಹಾಪುರಿ ಚಪ್ಪಲಿ.

ಚಹಾ ಬರುವುದರೊಳಗೆ ಕಿಸೆಯಿಂದ ಪಾಸ್‌ಪೋರ್ಟಿನಂಥ ಸಣ್ಣ ಪುಸ್ತಕ ಹೊರಬರುತ್ತದೆ. ಮೇಲೆ ಸಿಂಹದ ಲಾಂಛನ. "ನಂದು ಈಗ ಎರಡೂ ದೇಶ" ಎನ್ನುತ್ತಾನೆ.

ಅದು ಓಸಿಐ, ಅಂದರೆ 'ಸಾಗರೋತ್ತರ ಭಾರತೀಯ ನಾಗರಿಕ' ಕಾರ್ಡು. ಸ್ವಂತ ಇಚ್ಛೆಯಿಂದ ಪರದೇಶದ ಪೌರನಾದವನು ಭಾರತದ ಪೌರನಾಗಿ ಉಳಿಯುವುದಿಲ್ಲ ಎಂದು ಸಂವಿಧಾನದ 9ನೇ ವಿಧಿಯೂ 1955ರ ಪೌರತ್ವ ಕಾಯ್ದೆಯೂ ಖಡಾಖಂಡಿತ ಹೇಳಿವೆ. ಹಾಗೆ ಹೋದವರು ಬೇಜಾರಾಗಬಾರದೆಂದು 2005ರ ತಿದ್ದುಪಡಿಯಲ್ಲಿ ಈ ಕಾರ್ಡು ಹುಟ್ಟಿತು. ಅಸಲಿಗೆ ಇದು ಆಜೀವ ವೀಸಾ. ಹೆಸರಿನಲ್ಲಿ ಮಾತ್ರ 'ನಾಗರಿಕ' ಇದೆ. ಇದನ್ನು ಅಣ್ಣಾನಿಗೆ ಹೇಳುವ ಧೈರ್ಯ ನನಗಿಲ್ಲ. ಗೋಲಗುಮ್ಮಟದಲ್ಲಿ ತನಗೂ ಭಾರತೀಯರ ದರದಲ್ಲೇ ಟಿಕೀಟು ಕೊಟ್ಟರೆಂದು ಅವನು ಊರೆಲ್ಲ ಹೇಳಿಕೊಂಡು ಬಂದಿದ್ದಾನೆ.

ಧೈರ್ಯ ಇರುವುದು ಎಂಬತ್ತು ದಾಟಿದ ಅವನ ಕಾಕಾನಿಗೆ.

"ಅಲ್ಲಿ ಪೌರ ಆಗೂಮುಂದ ಏನ್ ಮಾಡ್ಸಿದ್ರೋ?"

"ಕೈ ಎತ್ತಿ ಆಣಿ ಮಾಡ್ಸಿದ್ರು ಕಾಕಾ. ಹಿಂದಿನ ರಾಜಾ, ರಾಜ್ಯ ಎಲ್ಲಾರ ನಿಷ್ಠಾ ಬಿಟ್ಟೆ ಅಂತ."

"ಯಾ ರಾಜಾನ ಬಿಟ್ಟಿ? ಜತ್ತದ ಡಫಳೆಯವ್ರನ್ನೇನು? ಅವರ ಸಂಸ್ಥಾನ 1948ರಾಗ ಮುಗೀತಲ್ಲೋ!"

ಈ ವಿಷಯದಲ್ಲಿ ಕಾಕಾನ ಅನುಭವ ದೊಡ್ಡದು. ಅವನು ಹುಟ್ಟಿದಾಗ ಊರು ಮುಂಬೈ ಪ್ರಾಂತ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಎದ್ದು ನೋಡಿದರೆ ಮೈಸೂರು ರಾಜ್ಯ. 1973ರಲ್ಲಿ ಕರ್ನಾಟಕ. ಅರ್ಜಿ ಇಲ್ಲ, ಫೀ ಇಲ್ಲ, ಬಿಳಿ ಹಿನ್ನೆಲೆಯ ಫೋಟೋ ಇಲ್ಲ. ಕಾಕಾ ಹೊಲದ ಬದು ಕೂಡ ದಾಟಿರಲಿಲ್ಲ. ಈಗಲೂ ಎದಿ ನೋವಾದರೆ ಮಿರಜಕ್ಕೆ ಹೋಗಿ ಡಾಕ್ಟರರೊಂದಿಗೆ ಮರಾಠಿಯಲ್ಲಿ ನರಳುತ್ತಾನೆ, ಮನೆಗೆ ಬಂದು ಬಿಲ್ಲು ನೋಡಿ ಕನ್ನಡದಲ್ಲಿ ನರಳುತ್ತಾನೆ. ಇದಕ್ಕೆ ಯಾರೂ ಕಾರ್ಡು ಕೊಟ್ಟಿಲ್ಲ.

ಅಣ್ಣಾನ ದೇಶಪ್ರೇಮ ಮಾತ್ರ ಆಣೆ ಮಾಡಿದ ಮೇಲೆಯೇ ಉಕ್ಕಿದ್ದು. ಇಲ್ಲಿದ್ದಾಗ ವೋಟಿನ ದಿನ ಮಲಗಿರುತ್ತಿದ್ದವ ಈಗ ಕಟ್ಟೆಗೆ ಕೂತು, ಪಂಚಾಯ್ತಿಗೆ ಯಾರನ್ನು ಆರಿಸಬೇಕು, ಗಟಾರ ಎಲ್ಲಿ ತೋಡಬೇಕು ಎಂದು ರಾತ್ರಿವರೆಗೆ ತಿಳಿಹೇಳುತ್ತಾನೆ. ಕಾರ್ಡಿನಲ್ಲಿ ವೋಟಿಲ್ಲ, ಚುನಾವಣೆಗೆ ನಿಲ್ಲುವಂತೆಯೂ ಇಲ್ಲ. ಬೆರಳಿಗೆ ಮಸಿ ಹಚ್ಚಿಕೊಂಡು ಬಂದವರು ಪಾಪ ಎಂದು ಕೇಳಿಸಿಕೊಳ್ಳುತ್ತಾರೆ.

ಹೋದ ವರ್ಷ ಹೊಲ ಕೊಳ್ಳುವ ಹುಕಿ ಬಂತು. ಕಾಕಾನ ಹೊಲಕ್ಕೆ ಹತ್ತಿದ್ದೇ ಮೂರೆಕರೆ, ಬಾವಿ ಸಹಿತ. ತಲಾಟಿ ಉತಾರ ನೋಡುವ ಮೊದಲೇ ಕಾರ್ಡು ನೋಡಿದ.

"ಸಾಹೇಬ್ರ, ಇದರ ಮ್ಯಾಲ ಮನಿ ತೊಗೋರಿ, ಪ್ಲಾಟ ತೊಗೋರಿ. ಹೊಲ ಬರೂದಿಲ್ಲ."

ಅಣ್ಣಾ ಕೆಂಪಾದ. 2020ರಲ್ಲಿ ಭೂಸುಧಾರಣೆ ಕಾಯ್ದೆ ಸಡಿಲವಾದ ಮೇಲೆ, ಜೋಳ ಯಾವುದು ಗೋಧಿ ಯಾವುದು ತಿಳಿಯದ ಬೆಂಗಳೂರಿನ ಕಂಪ್ಯೂಟರ್ ಹುಡುಗನೂ ಇಲ್ಲಿ ಹೊಲ ಹಿಡಿಯಬಹುದು. ಈ ಮಣ್ಣಲ್ಲೇ ಗೋಲಿ ಆಡಿದ ತಾನು ಹಿಡಿಯಬಾರದೆ? ಅವನ ಸಿಟ್ಟಿನಲ್ಲಿ ಸ್ವಲ್ಪ ನ್ಯಾಯವೂ ಇದೆ ಎನ್ನಿ. ಗಿರಾಕಿ ಕೆಟ್ಟಾನೆಂದು ತಲಾಟಿ ಸಮಾಧಾನ ಹೇಳಿದ: "ವಾರಸಾದಿಂದ ಬಂದ್ರ ಏನೂ ಅಡ್ಡಿ ಇಲ್ರಿ."

ಮಕ್ಕಳಿಲ್ಲದ ಕಾಕಾ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಹಾಗೇ ತಿರುಗಿ ಅಣ್ಣಾನ ಮುಖ ನೋಡಿದ.

ಅಂದಿನಿಂದ ಐತವಾರ ತಪ್ಪದೆ ಅಮೆರಿಕದಿಂದ ಫೋನು ಬರುತ್ತದೆ. "ಆರಾಮ ಇದ್ದೀರಿಲ್ಲೋ ಕಾಕಾ?"

"ಮಿರಜದ ಡಾಕ್ಟರ ಎದಿ ಗಟ್ಟಿ ಐತಿ ಅಂದಾನ. ನೀ ಈಗ ಟಿಕೀಟ ತಗಸಬ್ಯಾಡ."