ಇಂಟರ್ವಲ್ ಟೈಮರ್ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ಮೊದಲು ಅನುಬಂಧ ಚತುಷ್ಟಯವನ್ನು ಹೇಳಿ ಮುಗಿಸಬೇಕು. ಇಲ್ಲದಿದ್ದರೆ ಪಂಡಿತರು ಎರಡನೆಯ ಪುಟ ತಿರುವುವುದಿಲ್ಲ. ಆದ್ದರಿಂದ ಕೇಳಿ. ಈ ಗ್ರಂಥದ ವಿಷಯ: ಕ್ಯಾಮೆರಾಕ್ಕೆ ಸಿಕ್ಕಿಸಿದರೆ ಹೇಳಿದಷ್ಟು ಹೊತ್ತಿಗೊಮ್ಮೆ ತಾನೇ ಕ್ಲಿಕ್ ಮಾಡಿಸುವ ಇಂಟರ್ವಲ್ ಟೈಮರ್ ಎಂಬ ಪದಾರ್ಥ, ಅದರಲ್ಲೂ ಸುಲಭವಾದದ್ದನ್ನು ಆರಿಸುವ ಬಗೆ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ಟ್ರೈಪಾಡ್ ಇರುವವನು. ಪುಸ್ತಕದ ರಾಶಿಯ ಮೇಲೆ ಕ್ಯಾಮೆರಾ ಇಡುವವನು ಮಂದಾಧಿಕಾರಿ. ಅವನೂ ಓದಬಹುದು, ಫಲ ಅರ್ಧ. ಪ್ರಯೋಜನ: ಮೂರೂವರೆ ಗಂಟೆಯಲ್ಲಿ ನಡೆಯುವುದನ್ನು ಹದಿನೇಳು ಸೆಕೆಂಡಿನಲ್ಲಿ ತೋರಿಸಿ, ನೋಡುವವರ ಹೊತ್ತು ಉಳಿಸಿ ತನ್ನ ಹೊತ್ತು ಕಳೆದುಕೊಳ್ಳುವುದು. ನಾಲ್ಕನೆಯದು ಸಂಬಂಧ. ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧ ಮೇಲ್ನೋಟಕ್ಕೇ ಸ್ಪಷ್ಟ. ಟೈಮರಿಗೂ ಕ್ಯಾಮೆರಾಕ್ಕೂ ಇರುವ ಸಂಬಂಧವೇ ತಕರಾರಿನದು. ಅದು ಒಂದು ವೈರು, ಅದಕ್ಕೆ ಪ್ರತ್ಯೇಕ ಅಧಿಕರಣವಿದೆ.

ಗುರುಪರಂಪರೆಯನ್ನು ಸ್ಮರಿಸದೆ ಮುಂದೆ ಹೋಗುವಂತಿಲ್ಲ. ಆದಿಗುರುಗಳು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್. 1868ರ ಸೂರ್ಯಗ್ರಹಣ ನೋಡಲು ನಮ್ಮ ನೆರೆಯ ಗುಂಟೂರಿನವರೆಗೆ ಬಂದಿದ್ದ ಇವರು, 1874ರ ಶುಕ್ರ ಸಂಕ್ರಮಣಕ್ಕೆ ಜಪಾನಿಗೆ ಒಂದು ವಿಚಿತ್ರ ಪಿಸ್ತೂಲನ್ನು ಒಯ್ದರು. ಗುಂಡಿನ ಬದಲು ಬೆಳ್ಳಿ ಲೇಪಿಸಿದ ದುಂಡು ತಟ್ಟೆ, ಕುದುರೆಯ ಬದಲು ಗಡಿಯಾರದ ಹಲ್ಲುಚಕ್ರ. ಅದು 72 ಸೆಕೆಂಡಿನಲ್ಲಿ 48 ಚಿತ್ರ ತೆಗೆಯುತ್ತಿತ್ತು. ಭಾಗಿಸಿದರೆ ಒಂದೂವರೆ ಸೆಕೆಂಡಿಗೊಂದು. ಅಂದು ಯಂತ್ರ ಕೈಕೊಟ್ಟಿದ್ದರೆ ಮುಂದಿನ ಅವಕಾಶ 1882ಕ್ಕೆ, ಅದೂ ತಪ್ಪಿದರೆ ನೇರ 2004ಕ್ಕೆ. ಆದರೂ ಜಾನ್ಸೆನ್ನರ ಯಂತ್ರದಲ್ಲಿ ಮೆನು ಇರಲಿಲ್ಲ, ಬೀಪ್ ಇರಲಿಲ್ಲ, ಎರಡು ವರ್ಷದ ವಾರಂಟಿಯೂ ಇರಲಿಲ್ಲ ಎಂಬುದನ್ನು ಜಿಜ್ಞಾಸುಗಳು ಗಮನಿಸತಕ್ಕದ್ದು. ಅವರ ಬಳಿಕ 1910ರಲ್ಲಿ ಇಂಗ್ಲೆಂಡಿನ ಪರ್ಸಿ ಸ್ಮಿತ್ ಎಂಬವರು ‘ದ ಬರ್ತ್ ಆಫ್ ಎ ಫ್ಲವರ್’ ಎಂಬ ಚಿತ್ರದಲ್ಲಿ ಮೊಗ್ಗುಗಳು ಅರಳುವುದನ್ನು ತೋರಿಸಿ ಜನರನ್ನು ಬೆರಗುಗೊಳಿಸಿದರು. ಇಂದು ಬ್ರಹ್ಮಕಮಲದ ಕುಂಡದ ಮುಂದೆ ಕೂತು ಸೊಳ್ಳೆ ಹೊಡೆಯುವ ಪ್ರತಿಯೊಬ್ಬನೂ ಸ್ಮಿತ್ತರ ಶಿಷ್ಯನೇ.

ಈಗ ಲಕ್ಷಣ. ‘ಸುಲಭ’ ಎಂದರೇನು? ಪೂರ್ವಪಕ್ಷದಲ್ಲಿ ಮೊದಲಿಗೆ ಅಂಗಡಿಯವರ ವಾಕ್ಯ: ‘ಏನಿಲ್ಲ ಸಾರ್, ಒತ್ತಿದರಾಯ್ತು.’ ಈ ಲಕ್ಷಣ ಮನೆಯ ಕಾಲಿಂಗ್ ಬೆಲ್ಲಿಗೂ ಲಿಫ್ಟಿಗೂ ಅನ್ವಯಿಸುವುದರಿಂದ ಅತಿವ್ಯಾಪ್ತಿ ದೋಷ. ಕ್ಯಾಮೆರಾ ಕಂಪನಿಯ ಸ್ವಂತ ಟೈಮರೇ ಸುಲಭ ಎಂದು ಹೇಳುವವರಿದ್ದಾರೆ. ಅದೇ ಗುಂಡಿ, ಅದೇ ಪರದೆಯನ್ನು ನಕಲು ಮಾಡಿ ಕಾಲುಭಾಗ ಬೆಲೆಗೆ ಮಾರುವ ಅನಾಮಧೇಯ ಟೈಮರ್‌ಗಳು ಅದರಲ್ಲಿ ಬಿಟ್ಟುಹೋಗುವುದರಿಂದ ಅವ್ಯಾಪ್ತಿ. ‘ಗುಂಡಿ ಕಡಿಮೆ ಇದ್ದಷ್ಟೂ ಸುಲಭ’ ಎಂಬ ಮೂರನೆಯ ಮತಕ್ಕೆ ಅಸಂಭವ ದೋಷವೇ ಗತಿ. ಏಕೆಂದರೆ ಗುಂಡಿ ಕಡಿಮೆಯಾದಂತೆಲ್ಲ ಉಳಿದ ಬಡಪಾಯಿ ಗುಂಡಿ ಒಂದು ಸಲ ಒತ್ತಿದರೆ ಒಂದು ಕೆಲಸ, ಹಿಡಿದು ಒತ್ತಿದರೆ ಇನ್ನೊಂದು, ಪಕ್ಕದ್ದರ ಜೊತೆ ಒತ್ತಿದರೆ ಮತ್ತೊಂದು ಎಂದು ದುಡಿಯಬೇಕಾಗುತ್ತದೆ.

ಸಿದ್ಧಾಂತ ಲಕ್ಷಣ ಹೀಗೆ: ಕತ್ತಲಲ್ಲಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡವನು, ಆರು ತಿಂಗಳ ಹಿಂದೆ ಕಲಿತು ಮರೆತದ್ದನ್ನು, ಬೈಗುಳವಿಲ್ಲದೆ ಹೊಂದಿಸಬಲ್ಲ ಟೈಮರೇ ಸುಲಭ. ಇದರಲ್ಲಿ ಒಂದೊಂದು ಪದಕ್ಕೂ ಸಾರ್ಥಕ್ಯವಿದೆ. ‘ಕತ್ತಲಲ್ಲಿ’ ಎನ್ನದಿದ್ದರೆ ಪರದೆಗೆ ದೀಪವಿಲ್ಲದ ಟೈಮರೂ ನುಸುಳುತ್ತದೆ. ‘ಮರೆತದ್ದನ್ನು’ ಎನ್ನದಿದ್ದರೆ, ಯೂಟ್ಯೂಬ್ ನೋಡಿದ ಸಂಜೆಗೆ ಎಲ್ಲ ಟೈಮರೂ ಸುಲಭವೇ. ಬಾಯಲ್ಲಿ ಟಾರ್ಚ್ ಇರುವವನಿಗೆ ಬೈಯಲು ಹೇಗೂ ಆಗುವುದಿಲ್ಲವಾದ್ದರಿಂದ ‘ಬೈಗುಳವಿಲ್ಲದೆ’ ಎಂಬುದು ಪುನರುಕ್ತಿಯಲ್ಲವೇ ಎಂದು ಆಕ್ಷೇಪಿಸಿದರೆ, ಅಲ್ಲ. ಇಲ್ಲಿ ಮಾನಸಿಕ ಬೈಗುಳವೂ ವಿವಕ್ಷಿತ.

ಟೈಮರನ್ನು ಕೊಳ್ಳಲೇಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಅಂತರ್ಗತವಾದಿಗಳು ಬೇಡ ಎನ್ನುತ್ತಾರೆ. ಕ್ಯಾಮೆರಾದ ಹೊಟ್ಟೆಯೊಳಗೇ ಇಂಟರ್ವಲ್ ಟೈಮರ್ ಇರುವಾಗ ಹೊರಗೇಕೆ ಹುಡುಕಾಟ? ನಿಕಾನಿನ ಡಿ200ರಲ್ಲಿ ಅದು 2005ರಲ್ಲೇ ಇತ್ತು. ಕ್ಯಾನನ್ನಿನ ಡಿಎಸ್‌ಎಲ್‌ಆರ್‌ಗಳಿಗೆ ಆ ಜ್ಞಾನೋದಯವಾದದ್ದು 2014ರ 7ಡಿ ಮಾರ್ಕ್ 2ರ ಹೊತ್ತಿಗೆ. ಅಲ್ಲಿಯೂ ಚಿತ್ರಗಳ ಸಂಖ್ಯೆಯನ್ನು 99ರ ಮೇಲೆ ಹಾಕಲಾಗದು, ಹಾಕಬೇಕೆಂದರೆ 00 ಎಂದು ಇಡಬೇಕು. ಸೊನ್ನೆಯೇ ಅನಂತವೆಂದು ಜಪಾನಿನ ಎಂಜಿನಿಯರುಗಳು ಯಾರ ಬಳಿ ಪಾಠ ಹೇಳಿಸಿಕೊಂಡು ಕಂಡುಕೊಂಡರೋ! ಏನೇ ಇರಲಿ, ಅಂತರ್ಗತ ಟೈಮರ್ ಇರುವ ಭಾಗ್ಯವಂತ ಈ ಗ್ರಂಥವನ್ನು ಇಲ್ಲಿಗೇ ಮಡಚಿಟ್ಟು ಹಣ ಉಳಿಸಬಹುದು. 30 ಸೆಕೆಂಡಿಗಿಂತ ಉದ್ದದ ಬಲ್ಬ್ (ಒತ್ತಿ ಹಿಡಿದಷ್ಟೂ ಹೊತ್ತು ಷಟರ್ ತೆರೆದಿರುವ) ಎಕ್ಸ್‌ಪೋಶರ್ ಸಾಲುಸಾಲಾಗಿ ಬೇಕೆಂದಾಗ ಅವನೂ ಸಾಮಾನ್ಯವಾಗಿ ಹಿಂದಿರುಗಿ ಬರುತ್ತಾನೆ. ಮೊಬೈಲ್‌ವಾದಿಗಳ ಮತವನ್ನು ಖಂಡಿಸಲು ಹೆಚ್ಚು ಶ್ರಮ ಬೇಡ: ವೈಫೈ ಕೊಂಡಿ ತಪ್ಪುತ್ತದೆ, ಎರಡೂ ಬ್ಯಾಟರಿ ಒಟ್ಟಿಗೆ ಸಾಯುತ್ತವೆ, ಮತ್ತು ಸರಿರಾತ್ರಿಯಲ್ಲಿ ಕಾಡಿನ ಅಂಚಿನಲ್ಲಿ ನಿಂತಿರುವವನಿಗೆ ಮನೆಯಿಂದ ಫೋನ್ ಬಂದೇ ಬರುತ್ತದೆ.

ಇನ್ನು ಗೋತ್ರನಿರ್ಣಯ, ಅಂದರೆ ಪಿನ್ನು. ಅನೇಕರು ಟೈಮರಿನ ಗುಣದೋಷಗಳನ್ನು ವಾರಗಟ್ಟಲೆ ವಿಚಾರಿಸಿ, ಕೊನೆಗೆ ಪೊಟ್ಟಣ ಬಿಚ್ಚಿ ನೋಡಿದರೆ ತೂತು ಒಂದು ಬಗೆ, ಪಿನ್ನು ಇನ್ನೊಂದು ಬಗೆ. ಒಂದೇ ಕಂಪನಿಯ ಅಣ್ಣತಮ್ಮಂದಿರೂ ಸಗೋತ್ರರೆಂದು ನಂಬುವಂತಿಲ್ಲ. ಕ್ಯಾನನ್ 50ಡಿಗೆ ಮೂರು ಪಿನ್ನಿನ ದುಂಡು ಕನೆಕ್ಟರು. ಅದರ ಬೆನ್ನಿಗೇ ಹುಟ್ಟಿದ 60ಡಿಗೆ ಹಳೆ ಕಾಲದ ಇಯರ್‌ಫೋನಿನಂಥ ಎರಡೂವರೆ ಮಿಲಿಮೀಟರಿನ ಜ್ಯಾಕು. ನಿಕಾನಿನಲ್ಲಿ ದೊಡ್ಡ ಕ್ಯಾಮೆರಾಗಳದು ಹತ್ತು ಪಿನ್ನಿನ ಮನೆತನ, ಚಿಕ್ಕವುಗಳದು ಬೇರೆ. ಹೀಗಿರುವಾಗ ವೈರು ಕಳಚಿ ಬದಲಿಸಬಹುದಾದ ಟೈಮರನ್ನೇ ಕೊಳ್ಳುವುದು ಲೇಸು. ಮುಂದೆ ಕ್ಯಾಮೆರಾ ಬದಲಾದರೆ ಅಗ್ಗದ ವೈರು ಮಾತ್ರ ಬದಲಾಗುತ್ತದೆ, ಟೈಮರೂ ಅದರ ಗುಂಡಿಗಳ ಅಭ್ಯಾಸವೂ ಹಾಗೇ ಉಳಿಯುತ್ತವೆ. ಸುಲಭತೆಯ ಮುಕ್ಕಾಲು ಪಾಲು ಆ ಅಭ್ಯಾಸವೇ.

ಈಗ ಟೈಮರಿನ ಸ್ವರೂಪ. ಅಂಗೈಯಲ್ಲಿ ಹಿಡಿಯುವ ಕಪ್ಪು ಪ್ಲಾಸ್ಟಿಕ್ ಕೊಳವೆ. ಮೇಲೆ ದೊಡ್ಡ ಷಟರ್ ಗುಂಡಿ, ನಡುವೆ ಕ್ಯಾಲ್ಕ್ಯುಲೇಟರಿನಂಥ ಪರದೆ, ಕೆಳಗೆ ನಾಲ್ಕು ದಿಕ್ಕಿನ ಬಾಣದ ಗುಂಡಿ. ಪರದೆಯ ಅಂಚಿನಲ್ಲಿ ಐದು ಮನೆಗಳು: ಡಿಲೇ, ಲಾಂಗ್, ಇಂಟ್‌ವಲ್, ಎನ್, ಮತ್ತು ಒಂದು ಸಂಗೀತದ ಚಿಹ್ನೆ. ಡಿಲೇ ಎಂದರೆ ಶುರುವಾಗುವ ಮುನ್ನ ಕಾಯುವ ಹೊತ್ತು. ಲಾಂಗ್ ಎಂದರೆ ಷಟರ್ ತೆರೆದಿರುವ ಹೊತ್ತು. ಎನ್ ಎಂದರೆ ಎಷ್ಟು ಚಿತ್ರ. ಅಗ್ಗದವುಗಳಲ್ಲಿ ಹೆಚ್ಚಾಗಿ 1ರಿಂದ 399ರವರೆಗೆ, ಅದರಾಚೆ ಎರಡು ಅಡ್ಡಗೆರೆ. ಅಂಕೆಗೆ ಸಿಗದ್ದನ್ನು ‘ನೇತಿ, ನೇತಿ’ ಎಂದು ಹೀಗೆ ಎರಡೇ ಗೆರೆಯಲ್ಲಿ ಹೇಳಿದ ಭಾಷ್ಯಕಾರರು ಇನ್ನೊಬ್ಬರಿಲ್ಲ. ಸಂಗೀತದ ಚಿಹ್ನೆ ನಾದಬ್ರಹ್ಮನದು. ಅದನ್ನು ಮೊದಲ ದಿನವೇ ಆಫ್ ಮಾಡಿ. ಹಲವು ಟೈಮರ್‌ಗಳಲ್ಲಿ ನಾದವನ್ನು ನಿಲ್ಲಿಸಲು ಗುಂಡಿಯುಂಟು, ಟೈಮರನ್ನೇ ಆಫ್ ಮಾಡಲು ಇಲ್ಲ. ಚೀಲದೊಳಗೆ ಪರದೆ ಹಗಲಿರುಳೂ ಎಚ್ಚರವಾಗಿದ್ದು ಸೆಲ್ಲನ್ನು ತಿನ್ನುತ್ತಿರುತ್ತದೆ. ಆದ್ದರಿಂದ ಊರಿನ ಯಾವುದೇ ಅಂಗಡಿಯಲ್ಲಿ ಸಿಗುವ ಸಣ್ಣ ಪೆನ್‌ಸೆಲ್ ಹಾಕುವಂಥದ್ದು ಮೇಲು. ಬಟನ್ ಸೆಲ್ಲಿನದಾದರೆ ರಾತ್ರಿ ಹತ್ತು ಗಂಟೆಗೆ ಬೆಟ್ಟದ ತಪ್ಪಲಿನ ಯಾವ ಅಂಗಡಿ ತೆರೆದಿರುತ್ತದೆ?

ಉಳಿದದ್ದು ಇಂಟ್‌ವಲ್. ಮಹಾ ವಾಗ್ವಾದ ಇರುವುದು ಇಲ್ಲೇ. ಲಾಂಗ್‌ಗೂ ಇಂಟ್‌ವಲ್‌ಗೂ ಇರುವ ಸಂಬಂಧವೇನು? ಎರಡೂ ಒಂದರೊಳಗೊಂದೋ, ಬೇರೆಬೇರೆಯೋ?

ಅದ್ವೈತ ಟೈಮರ್‌ಗಳ ಪ್ರಕಾರ ಇಂಟ್‌ವಲ್ ಒಂದೇ ಸತ್ಯ. ಒಂದು ಕ್ಲಿಕ್ಕಿನ ಆರಂಭದಿಂದ ಮುಂದಿನ ಕ್ಲಿಕ್ಕಿನ ಆರಂಭಕ್ಕೆ ಇರುವ ಒಟ್ಟು ಹೊತ್ತು ಅದು, ಲಾಂಗ್ ಅದರಲ್ಲೇ ಲೀನ. ದ್ವೈತ ಟೈಮರ್‌ಗಳ ಪ್ರಕಾರ ಷಟರ್ ಮುಚ್ಚಿದ ಮೇಲೆ ಇಂಟ್‌ವಲ್ ಶುರು; ಎರಡಕ್ಕೂ ಭೇದ ನಿತ್ಯ. ಶೃಂಗೇರಿಯಿಂದ ಉಡುಪಿಗೆ ಆಗುಂಬೆ ಘಾಟಿ ಇಳಿದರೆ ಕೆಲವೇ ಗಂಟೆಯ ದಾರಿ. ಆದರೆ ಅದ್ವೈತಿಯ ಲೆಕ್ಕವನ್ನು ದ್ವೈತ ಟೈಮರಿನಲ್ಲಿ ಹಾಕಿದವನು ಬೆಳಗಾದರೂ ಊರು ಸೇರುವುದಿಲ್ಲ. ಮೇಲುಕೋಟೆಯವರನ್ನು ಬಿಡುವಂತಿಲ್ಲ: ಷಟರ್ ವೇಗವನ್ನು ಕ್ಯಾಮೆರಾದಲ್ಲೇ ಇಟ್ಟು, ಲಾಂಗ್ ಅನ್ನು ಸೊನ್ನೆ ಮಾಡಿ, ಟೈಮರಿಗೆ ಬರೀ ಬೆರಳು ಒತ್ತುವ ಕೆಲಸ ಕೊಡುವುದು ವಿಶಿಷ್ಟಾದ್ವೈತ. ಪ್ರಪತ್ತಿ ಮಾರ್ಗದಂತೆ ಇದೂ ಸಾಮಾನ್ಯರಿಗೆ ಹೇಳಿದ್ದು, ಹೆಚ್ಚಿನ ಸಂದರ್ಭಕ್ಕೆ ಇದೇ ಸಾಕು.

ಕೈಯಲ್ಲಿರುವ ಟೈಮರ್ ಯಾವ ಮತದ್ದು ಎಂಬುದನ್ನು ಕೈಪಿಡಿ ಹೇಳುವುದಿಲ್ಲ, ಹೇಳಿದರೂ ಅದರ ಇಂಗ್ಲಿಷ್ ಅರ್ಥವಾಗುವುದಿಲ್ಲ. ಪ್ರತ್ಯಕ್ಷವೇ ಪ್ರಮಾಣ. ಕ್ಯಾಮೆರಾವನ್ನು ಬಲ್ಬ್‌ಗೆ ಇಟ್ಟು, ಲಾಂಗ್ 4 ಸೆಕೆಂಡ್, ಇಂಟ್‌ವಲ್ 6 ಸೆಕೆಂಡ್ ಮಾಡಿ, ಗಡಿಯಾರ ನೋಡುತ್ತ ಕೂರಿ. 6 ಸೆಕೆಂಡಿಗೊಮ್ಮೆ ಷಟರ್ ತೆರೆದರೆ ಅದ್ವೈತ, 10 ಸೆಕೆಂಡಿಗೊಮ್ಮೆಯಾದರೆ ದ್ವೈತ. ಫಲಿತಾಂಶವನ್ನು ಟೈಮರಿನ ಬೆನ್ನಿಗೆ ಒಂದು ಚೂರು ಅಂಟುಪಟ್ಟಿಯ ಮೇಲೆ ಬರೆದು ಅಂಟಿಸಿ.

ವಿಶಿಷ್ಟಾದ್ವೈತದಲ್ಲೂ ಒಂದು ಮಾಯೆ ಉಂಟು. ಕ್ಯಾಮೆರಾದ 30 ಸೆಕೆಂಡ್ 30 ಸೆಕೆಂಡಲ್ಲ. ಷಟರಿನ ಹೊತ್ತು ಒಂದೊಂದು ಮೆಟ್ಟಿಲಿಗೂ ಇಮ್ಮಡಿಯಾಗುತ್ತ ಹೋಗುತ್ತದೆ: 1, 2, 4, 8, 16, 32. ಬರೆಯುವಾಗ ಮಾತ್ರ 15, 30 ಎಂದು ಬರೆಯುವುದು ರೂಢಿ. ನಕ್ಷತ್ರಗಳ ಹಾದಿ ಹಿಡಿಯಲು ಹೊರಟ ಜಾಣ 30ಕ್ಕೆ ಒಂದು ಸೇರಿಸಿ ಇಂಟ್‌ವಲ್ಲನ್ನು 31 ಮಾಡುತ್ತಾನೆ. 31ನೆಯ ಸೆಕೆಂಡಿಗೆ ಟೈಮರ್ ಬಾಗಿಲು ತಟ್ಟಿದಾಗ ಕ್ಯಾಮೆರಾ ಇನ್ನೂ ಹಿಂದಿನ ಚಿತ್ರದಲ್ಲೇ ಮಗ್ನ, ಓಗೊಡುವುದಿಲ್ಲ. 62ನೆಯ ಸೆಕೆಂಡಿಗೆ ಮತ್ತೆ ತಟ್ಟಿದಾಗ ಕ್ಲಿಕ್. ಹೀಗೆ ಅರ್ಧಕ್ಕರ್ಧ ಚಿತ್ರ ಮಾಯ. ಬೆಳಿಗ್ಗೆ ಎಲ್ಲ ಸೇರಿಸಿ ನೋಡಿದರೆ ಆಕಾಶದಲ್ಲಿ ಅಖಂಡ ಕಮಾನುಗಳ ಬದಲು ಬಿಟ್ಟು ಬಿಟ್ಟು ಹಾಕಿದ ಹೊಲಿಗೆ. 34 ಇಡಿ. ಹಾಗೆಯೇ, ಆ ಕಮಾನುಗಳೆಲ್ಲ ಸುತ್ತುವ ಧ್ರುವನಕ್ಷತ್ರ ಬೆಂಗಳೂರಿನಲ್ಲಿ ದಿಗಂತದಿಂದ ಕೇವಲ 13 ಡಿಗ್ರಿ ಮೇಲಿರುತ್ತದೆ. ಎದುರಿನ ಅಪಾರ್ಟ್‌ಮೆಂಟಿನ ಐದನೆಯ ಮಹಡಿಯ ಬಚ್ಚಲು ಕಿಟಕಿಯೂ ಸುಮಾರಾಗಿ ಅಲ್ಲೇ ಇರುತ್ತದೆ. ಇದಕ್ಕೆ ಟೈಮರನ್ನು ದೂರಿ ಫಲವಿಲ್ಲ.

ಸಂಪ್ರದಾಯವಾದಿಗಳ ಒಂದು ಉಪಮತವಿದೆ: ಇಂಟ್‌ವಲ್ಲನ್ನು ಒಂದು ವಿಘಳಿಗೆಗೆ, ಅಂದರೆ 24 ಸೆಕೆಂಡಿಗೆ ಇಟ್ಟರೆ ಘಳಿಗೆಗೆ ಸರಿಯಾಗಿ 60 ಚಿತ್ರ. ಲೆಕ್ಕ ಚೆಂದ, ಆದರೆ ಮೋಡಕ್ಕೆ ಇದು ತೀರಾ ನಿಧಾನ. ಮೋಡ ನಾಲ್ಕೈದು ಸೆಕೆಂಡಿಗೊಮ್ಮೆ ನೋಡದಿದ್ದರೆ ಮುನಿಸಿಕೊಂಡು ಕುಪ್ಪಳಿಸುತ್ತದೆ.

ಪ್ರಯೋಗಕಾಂಡಕ್ಕೆ ಬ್ರಹ್ಮಕಮಲವನ್ನೇ ತೆಗೆದುಕೊಳ್ಳೋಣ. ಮೊಗ್ಗು ರಾತ್ರಿ ಎಂಟೂವರೆಗೆ ಬಾಯಿ ಬಿಡತೊಡಗಿ ಹನ್ನೆರಡಕ್ಕೆ ಪೂರ್ತಿ ಅರಳುತ್ತದೆ ಎಂದಿಟ್ಟುಕೊಂಡರೆ ಮೂರೂವರೆ ಗಂಟೆ, 12,600 ಸೆಕೆಂಡ್. 30 ಸೆಕೆಂಡಿಗೊಂದರಂತೆ 420 ಚಿತ್ರ. ಸೆಕೆಂಡಿಗೆ 25ರಂತೆ ಓಡಿಸಿದರೆ ಹದಿನೇಳು ಸೆಕೆಂಡಿಗೆ ಚೂರು ಕಡಿಮೆ. ಈಗ ಎನ್ ಮನೆಯನ್ನು ನೆನಪಿಸಿಕೊಳ್ಳಿ: 399. ಟೈಮರ್ ಹನ್ನೊಂದು ಐವತ್ತರ ಹೊತ್ತಿಗೆ ತನ್ನ ಕರ್ತವ್ಯ ಮುಗಿಯಿತೆಂದು ಸುಮ್ಮನಾಗುತ್ತದೆ. ಅರಳುವುದರ ಕೊನೆಯ ಹತ್ತು ನಿಮಿಷ ಬ್ರಹ್ಮನಿಗೇ ಅರ್ಪಿತ. ಆದ್ದರಿಂದ ಇಲ್ಲಿ ನೇತಿ ನೇತಿಯೇ ಗತಿ. ಇನ್ನು ಹೂವರಳಿದ ಸುದ್ದಿ ಕೇಳಿ ಪಕ್ಕದ ಮನೆಯವರು ಬರುತ್ತಾರೆ, ಮಕ್ಕಳು ಕುಂಡ ಮುಟ್ಟುತ್ತಾರೆ. ‘ಇದಕ್ಕೊಂದು ಆರತಿ ಎತ್ತದಿದ್ದರೆ ಹೇಗೋ?’ ಎಂದು ಅಜ್ಜಿ ತಟ್ಟೆ ಹಿಡಿದು ಬರುತ್ತಾರೆ. ಅಡ್ಡಿ ಮಾಡಬೇಡಿ. ಅಜ್ಜಿಯ ಎರಡು ನಿಮಿಷದ ಆರತಿ ನಾಲ್ಕು ಚಿತ್ರವಾಗಿ, ಒಂದು ಸೆಕೆಂಡಿನ ಆರನೆಯ ಒಂದಂಶ ಮಿಂಚಿ ಹೋಗುತ್ತದೆ. ದಾಖಲೆಯಲ್ಲಿ ಉಳಿಯುವ ಚೆಂದದ ಭಾಗ ಅದೇ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಸಿದ್ಧಾಂತ ನಾಚಿಕೆಯಾಗುವಷ್ಟು ಚಿಕ್ಕದು. ನಿಮ್ಮ ಕ್ಯಾಮೆರಾದ ಪಿನ್ನಿಗೆ ಕೂಡುವ, ವೈರು ಕಳಚುವ, ಪೆನ್‌ಸೆಲ್ಲಿನ, ಪರದೆಗೆ ದೀಪವಿರುವ, ಚೀಲದಲ್ಲಿ ತಾನೇ ಒತ್ತಿಕೊಳ್ಳದಂತೆ ಲಾಕ್ ಇರುವ ಅಗ್ಗದ ಟೈಮರ್. ಇಷ್ಟನ್ನು ಅಂಗಡಿಯಲ್ಲೇ, ಪರದೆಯನ್ನು ಅಂಗೈಯಿಂದ ಮುಚ್ಚಿ ದೀಪದ ಗುಂಡಿ ಒತ್ತಿ ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಇದಕ್ಕೆ ಇಷ್ಟು ದೊಡ್ಡ ಗ್ರಂಥವೇಕೆ ಎಂದು ಕೇಳುವವನು ಅಧಿಕಾರಿಯಲ್ಲ.

ಕಡೆಯದಾಗಿ ಪ್ರಾಯಶ್ಚಿತ್ತ ಪ್ರಕರಣ. ಆಟೋಫೋಕಸ್ ಆನ್ ಇಟ್ಟು ಹೋದವನ ಕ್ಯಾಮೆರಾ ಕತ್ತಲಲ್ಲಿ ಫೋಕಸ್ ಹುಡುಕುತ್ತಲೇ ಇದ್ದು ಕ್ಲಿಕ್ ಮಾಡುವುದೇ ಇಲ್ಲ. ಮ್ಯಾನ್ಯುಯಲ್‌ಗೆ ತಿರುಗಿಸಿದರೆ ದೋಷಪರಿಹಾರ. ಎಕ್ಸ್‌ಪೋಶರನ್ನು ಆಟೋದಲ್ಲಿ ಬಿಟ್ಟವನ ವಿಡಿಯೊ ಕೆಟ್ಟ ಟ್ಯೂಬ್‌ಲೈಟಿನಂತೆ ಮಿಣುಕುತ್ತದೆ. ಅದಕ್ಕೂ ಅದೇ ಪರಿಹಾರ. ಲೆನ್ಸಿನ ಮೇಲೆ ಇಬ್ಬನಿ ಕೂತರೆ ಕೈ ಬೆಚ್ಚಗಾಗಿಸುವ ಪೊಟ್ಟಣವನ್ನು ಲೆನ್ಸಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟತಕ್ಕದ್ದು. ಇವೆಲ್ಲ ಉಪಪಾತಕಗಳು. ಮಹಾಪಾತಕ ಒಂದೇ: ಪಿನ್ನು ಕೂಡಿ, ಮತ ತಿಳಿದು, 34 ಇಟ್ಟು, ನೇತಿ ನೇತಿ ಒತ್ತಿ, ಲೆನ್ಸಿನ ಮುಚ್ಚಳ ತೆಗೆಯದೆ ಹೋಗಿ ಮಲಗುವುದು. ಅಂಥವನಿಗೂ ಶಾಸ್ತ್ರ ದಯೆ ತೋರಿದೆ. ಸೆನ್ಸರಿನ ಗದ್ದಲವನ್ನು (ನಾಯ್ಸ್) ಕಳೆಯಲು ಖಗೋಳ ಛಾಯಾಗ್ರಾಹಕರು ಮುಚ್ಚಳ ಹಾಕಿಯೇ, ಅಷ್ಟೇ ಹೊತ್ತಿನ ಕಪ್ಪು ಚಿತ್ರಗಳನ್ನು ಬೇಕೆಂದೇ ತೆಗೆಯುತ್ತಾರೆ. ಡಾರ್ಕ್ ಫ್ರೇಮ್ ಎಂದು ಅದಕ್ಕೆ ಹೆಸರು. ಅವರಿಗೆ ಇಪ್ಪತ್ತು ಮೂವತ್ತು ಸಾಕು. ನಿಮ್ಮ ಬಳಿ 420 ಇವೆ.